ಯುಗಾದಿ ಅಮಾವಾಸ್ಯೆಗೆ ಕಾರ್ಗಿಲ್ ದಾರಿ

2034ರ ಮಾರ್ಚ್ 20, ಸೋಮವಾರ. ಮರುದಿನ ಯುಗಾದಿ. ಅಂದಿನ ಅಮಾವಾಸ್ಯೆಯ ಸಂಜೆ ಚಂದ್ರನ ನೆರಳು ನೈಜೀರಿಯಾ, ಸುಡಾನ್, ಸೌದಿ ಅರೇಬಿಯಾ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ಹಾದು ಹಿಮಾಲಯದ ಒಂದು ಮೂಲೆಯಲ್ಲಿ ಭಾರತದ ನೆಲವನ್ನು ಮುಟ್ಟುತ್ತದೆ. ಆ ಮೂಲೆಯಲ್ಲಿರುವುದು ಕಾರ್ಗಿಲ್ ಸೀಮೆ. 2009ರ ಜುಲೈ 22ರ ನಂತರ ನಮ್ಮ ದೇಶದ ನೆಲದಿಂದ ಕಾಣಸಿಗುವ ಮೊದಲ ಖಗ್ರಾಸ ಸೂರ್ಯಗ್ರಹಣ ಅದು. ನೆರಳು ಅಲ್ಲಿಂದ ಮುಂದೆ ಚೀನಾದತ್ತ ಸಾಗಿ, ಸ್ವಲ್ಪ ಹೊತ್ತಿನಲ್ಲೇ ಭೂಮಿಯನ್ನು ಬಿಟ್ಟು ಹೋಗುತ್ತದೆ.

ಇಷ್ಟು ಮೊದಲೇ ಈ ಮಾತು ಯಾಕೆ ಎಂದು ಕೇಳಬಹುದು. ಗ್ರಹಣದ ದಿನ, ಗಂಟೆ, ನಿಮಿಷಗಳನ್ನು ಲೆಕ್ಕದ ಪುಸ್ತಕ ಹೇಳುತ್ತದೆ. ಯಾವ ಊರಿನ ಯಾವ ಬಯಲಲ್ಲಿ ನಿಲ್ಲಬೇಕು, ಅಲ್ಲಿಗೆ ದಾರಿ ಇದೆಯೇ, ಆ ಹೊತ್ತಿಗೆ ಸೂರ್ಯ ಬೆಟ್ಟದ ಮೇಲಿರುತ್ತಾನೋ ಮರೆಯಲ್ಲಿರುತ್ತಾನೋ, ಆ ಊರಿನವರಿಗೆ ಅದು ಎಂಥ ದಿನ ಎಂಬುದನ್ನೆಲ್ಲ ಯಾವ ಲೆಕ್ಕವೂ ಹೇಳುವುದಿಲ್ಲ. ಅದನ್ನು ಹೋಗಿಯೇ ತಿಳಿಯಬೇಕು. ದೂರದ ಹಳ್ಳಿಯೊಂದರಿಂದ ಖಗ್ರಾಸ ನೋಡುವ ಆಸೆಯಿದ್ದವರು ಆಕಾಶವನ್ನೂ ಊರನ್ನೂ ಮೊದಲೇ ಅರಿತುಕೊಂಡಿರಬೇಕು. ಈ ಲೇಖನದ ಮಾತು ಅಷ್ಟೇ.

ನೂರಕ್ಕೆ ತೊಂಬತ್ತೊಂಬತ್ತು ಸಾಲದು

ಸೂರ್ಯನ ವ್ಯಾಸ ಚಂದ್ರನ ವ್ಯಾಸದ ಸುಮಾರು 400 ಪಟ್ಟು. ಸೂರ್ಯ ನಮ್ಮಿಂದ ಇರುವ ದೂರವೂ ಚಂದ್ರನ ದೂರದ ಸುಮಾರು 400 ಪಟ್ಟು. ಹೀಗಾಗಿ ಎರಡೂ ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಕಾಣುತ್ತವೆ. ಚಂದ್ರ ಸರಿಯಾಗಿ ಅಡ್ಡ ಬಂದಾಗ ಅದರ ನೆರಳಿನ ತುದಿ ಭೂಮಿಯನ್ನು ಮುಟ್ಟುತ್ತದೆ, ಸಾಮಾನ್ಯವಾಗಿ ನೂರರಿಂದ ಇನ್ನೂರೈವತ್ತು ಕಿಲೋಮೀಟರ್ ಅಗಲದ ಪಟ್ಟಿಯಾಗಿ ನೆಲದ ಮೇಲೆ ಓಡುತ್ತದೆ. ಆ ಪಟ್ಟಿಯೊಳಗೆ ನಿಂತವರಿಗೆ ಖಗ್ರಾಸ, ಹೊರಗೆ ನಿಂತವರಿಗೆ ಖಂಡಗ್ರಾಸ.

ಶೇ 99ರಷ್ಟು ಸೂರ್ಯ ಮುಚ್ಚಿದರೂ ಉಳಿದ ಶೇ 1ರ ಬೆಳಕು ಹುಣ್ಣಿಮೆಯ ಬೆಳಕಿನ ಸುಮಾರು ನಾಲ್ಕು ಸಾವಿರ ಪಟ್ಟು ಇರುತ್ತದೆ. ಸೂರ್ಯನ ಸುತ್ತ ಹಬ್ಬಿರುವ ಕರೋನಾ ಎಂಬ ಹೊರವಾತಾವರಣದ ಹೊಳಪಾದರೋ ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟೇ. ಆ ಶೇ 1 ಇರುವವರೆಗೂ ಕರೋನಾ ಕಾಣುವ ಮಾತಿಲ್ಲ. ಕೊನೆಯ ಎಳೆಯೂ ಮುಚ್ಚಿದ ಕ್ಷಣ ಅದು ಹೊರಬೀಳುತ್ತದೆ. ಮುತ್ತಿನ ಬಣ್ಣದ ಎಳೆಗಳು ಸೂರ್ಯಬಿಂಬದ ಹಲವು ಪಟ್ಟು ದೂರಕ್ಕೆ ಚಾಚಿಕೊಳ್ಳುತ್ತವೆ. ಹಗಲಲ್ಲೇ ಗ್ರಹಗಳು ಕಾಣುತ್ತವೆ. ಹಕ್ಕಿಗಳು ಗೂಡಿಗೆ ತಿರುಗುತ್ತವೆ. ದಿಗಂತದ ಸುತ್ತಲೂ ಮುಸ್ಸಂಜೆಯ ಬಣ್ಣ ಹರಡುತ್ತದೆ. ಖಂಡಗ್ರಾಸಕ್ಕೂ ಖಗ್ರಾಸಕ್ಕೂ ಇರುವುದು ಒಂದಂಶದ ಅಂತರ ಎಂದುಕೊಂಡು ಪಟ್ಟಿಯ ಹೊರಗೇ ಉಳಿದವರು ಇದಿಷ್ಟನ್ನೂ ಕಳೆದುಕೊಳ್ಳುತ್ತಾರೆ.

ಒಂದೇ ಊರಿಗೆ ಖಗ್ರಾಸ ಮತ್ತೆ ಬರಲು ಸರಾಸರಿ 375 ವರ್ಷ ಬೇಕೆಂದು ಲೆಕ್ಕ. ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಹೆಚ್ಚುಕಡಿಮೆ ಒಂದೂವರೆ ವರ್ಷಕ್ಕೊಂದು ನಡೆಯುತ್ತಲೇ ಇರುತ್ತದೆ. ಮನೆ ಬಾಗಿಲಿಗೆ ಬರಲಿ ಎಂದು ಕಾಯುವವರ ಆಯುಷ್ಯ ಸಾಲದು, ನಾವೇ ನೆರಳಿನ ದಾರಿಗೆ ಹೋಗಬೇಕು.

2023ರ ಸೆಪ್ಟೆಂಬರಿನಲ್ಲಿ ಹಾರಿದ ಆದಿತ್ಯ-ಎಲ್1ರಲ್ಲಿ ಕರೋನಾವನ್ನು ಬಿಡುವಿಲ್ಲದೆ ನೋಡುವ ಉಪಕರಣವೇ ಇದೆಯಲ್ಲ, ಇನ್ನೇಕೆ ಈ ಓಡಾಟ ಎನ್ನುವವರೂ ಇದ್ದಾರೆ. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ, ಅಂದರೆ ಐಐಎ, ಹೊಸಕೋಟೆಯ ತನ್ನ ಕೇಂದ್ರದಲ್ಲಿ ಆ ಉಪಕರಣವನ್ನು ಕಟ್ಟಿತು. ಅದರೊಳಗೆ ಬಿಲ್ಲೆಯೊಂದು ಸೂರ್ಯನನ್ನು ಮರೆಮಾಡಿ ಕೃತಕ ಗ್ರಹಣವನ್ನೇ ಮಾಡುತ್ತದೆ. ವಿಜ್ಞಾನಕ್ಕೆ ಅದು ದೊಡ್ಡ ಬಲ. ಆದರೆ ಹಗಲು ಕಪ್ಪಾಗುವುದನ್ನು, ಬಿಸಿಲು ತಟ್ಟನೆ ತಣ್ಣಗಾಗುವುದನ್ನು, ಸುತ್ತಲಿನ ಜನ ಒಮ್ಮೆಲೇ ಕೂಗಿಕೊಳ್ಳುವುದನ್ನು ಯಾವ ಉಪಗ್ರಹವೂ ನಮಗೆ ತಂದುಕೊಡಲಾರದು.

ಜವಳಗೇರಾದಿಂದ ಬಂದ ನೆಂಟಸ್ತಿಕೆ

ಕಾರ್ಗಿಲ್‌ನ ಈ ಗ್ರಹಣಕ್ಕೂ ಕರ್ನಾಟಕಕ್ಕೂ ಹಳೆಯ ನಂಟಿದೆ. ಗ್ರಹಣಗಳು 18 ವರ್ಷ 11 ದಿನ 8 ಗಂಟೆಗಳಿಗೊಮ್ಮೆ ಬಹುಮಟ್ಟಿಗೆ ಅದೇ ರೂಪದಲ್ಲಿ ಮರಳುತ್ತವೆ. ಈ ಅವಧಿಗೆ ಸಾರೋಸ್ ಎಂದು ಹೆಸರು. ಕೊನೆಯ ಆ 8 ಗಂಟೆಗಳಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗಿರುವುದರಿಂದ ಮರಳಿದ ಗ್ರಹಣ ಪಶ್ಚಿಮದ ಬೇರೆ ನಾಡಿಗೆ ಬೀಳುತ್ತದೆ. ಮೂರು ಸಾರೋಸ್ ಕಳೆದ ಮೇಲೆ, ಅಂದರೆ 54 ವರ್ಷ ಒಂದು ತಿಂಗಳ ನಂತರ, ಅದು ಸುಮಾರಾಗಿ ಮೊದಲಿನ ರೇಖಾಂಶಕ್ಕೇ ಬರುತ್ತದೆ. ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುತ್ತದೆ, ಅಷ್ಟೆ.

2034ರಿಂದ ಹಿಂದಕ್ಕೆ ಎಣಿಸಿ. 2016ರ ಮಾರ್ಚ್ 9, ಇಂಡೊನೇಷ್ಯಾ. 1998ರ ಫೆಬ್ರುವರಿ 26, ಕೆರಿಬಿಯನ್ ದ್ವೀಪಗಳು. 1980ರ ಫೆಬ್ರುವರಿ 16, ಕರ್ನಾಟಕ! ಅಂದು ಶನಿವಾರ ಮಧ್ಯಾಹ್ನ ಅಂಕೋಲೆಯ ಕಡಲತೀರದಲ್ಲಿ ನೆಲ ಮುಟ್ಟಿದ ನೆರಳು ಹುಬ್ಬಳ್ಳಿ, ಗದಗ, ರಾಯಚೂರು ಸೀಮೆಗಳನ್ನು ಹಾದು ಆಂಧ್ರದ ಕಡೆಗೆ ಹೋಗಿತ್ತು. ವೈನು ಬಾಪು ನಿರ್ದೇಶಕರಾಗಿದ್ದ ಐಐಎ ತನ್ನ ದೂರದರ್ಶಕ, ರೋಹಿತದರ್ಶಕಗಳನ್ನು ಹೊತ್ತು ರಾಯಚೂರು ಜಿಲ್ಲೆಯ ಜವಳಗೇರಾ ಎಂಬ ಹಳ್ಳಿಯಲ್ಲಿ ಬಿಡಾರ ಹೂಡಿತ್ತು. ಬಯಲುಸೀಮೆಯ ಫೆಬ್ರುವರಿ ಎಂದರೆ ಸುಗ್ಗಿ ಮುಗಿಯುತ್ತಿರುವ ಕಾಲ, ಮಳೆಯ ಸುಳಿವಿಲ್ಲದ ಒಣ ಹವೆ. ಪಟ್ಟಣ ಬಿಟ್ಟು ಹಳ್ಳಿಗೆ ಹೋಗಲು ಅದಕ್ಕಿಂತ ಒಳ್ಳೆಯ ಕಾರಣ ಬೇಕಿರಲಿಲ್ಲ.

ವಿಜ್ಞಾನಿಗಳು ಬಯಲಲ್ಲಿ ಕಾಯುತ್ತಿದ್ದಾಗ ಊರೂರುಗಳಲ್ಲಿ ಬೀದಿಗಳು ಬರಿದಾಗಿದ್ದವು. ಬಾಗಿಲು ಕಿಟಕಿಗಳನ್ನು ಹಾಕಿಕೊಂಡು, ಬಸುರಿಯರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸಿ ಗ್ರಹಣ ಬಿಡುವುದನ್ನು ಕಾದವರೇ ಹೆಚ್ಚು. ಜನ ಮನೆಯಲ್ಲೇ ಇರಲೆಂದು ದೂರದರ್ಶನ ಹಿಂದಿ ಸಿನಿಮಾ ಹಾಕಿತ್ತು. ತಲೆಯ ಮೇಲೆಯೇ ಹಾದುಹೋದ ಖಗ್ರಾಸವನ್ನು ಲಕ್ಷಾಂತರ ಕನ್ನಡಿಗರು ನೋಡಲಿಲ್ಲ. ಅದೇ ವಂಶದ ಗ್ರಹಣ ಈಗ ಮೂರು ತಲೆಮಾರು ದಾಟಿ, ಉತ್ತರಕ್ಕೆ ಸರಿದು, ಕಾರ್ಗಿಲ್‌ಗೆ ಬರುತ್ತಿದೆ. 1980ರಲ್ಲಿ ಬಾಗಿಲು ಹಾಕಿಕೊಂಡ ಮನೆಗಳ ಮಕ್ಕಳು ಮೊಮ್ಮಕ್ಕಳಿಗೆ ಇದು ಎರಡನೇ ಅವಕಾಶ ಎಂದೇ ನನ್ನ ನಂಬಿಕೆ.

ಹಳ್ಳಿ ಹುಡುಕಿ ಹೋದವರು

ಗ್ರಹಣಕ್ಕಾಗಿ ಹಳ್ಳಿಗೆ ಹೋಗುವುದು ಹೊಸ ಹವ್ಯಾಸವಲ್ಲ. 1868ರ ಆಗಸ್ಟ್ 18ರ ಗ್ರಹಣದ ನೆರಳು ದಖ್ಖನ್ ಪ್ರಸ್ಥಭೂಮಿಯನ್ನು ದಾಟಿ ಸಯಾಮಿನವರೆಗೆ, ಅಂದರೆ ಇಂದಿನ ಥಾಯ್ಲೆಂಡಿನವರೆಗೆ ಹೋಯಿತು. ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್ ಗುಂಟೂರಿಗೆ ಬಂದರು. ಖಗೋಳವಿಜ್ಞಾನಿಗಳ ಮನೆತನದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ನಮ್ಮ ಜಮಖಂಡಿಯಲ್ಲಿ ಉಪಕರಣ ಹೂಡಿದರು. ಆಗಸ್ಟ್ ತಿಂಗಳಾದ್ದರಿಂದ ಮೋಡ ಕಾಡಿತು. ಮೋಡ ಬಿಟ್ಟುಕೊಟ್ಟ ಸಂದಿಯಲ್ಲೇ ಅವರು ಸೂರ್ಯನ ಅಂಚಿನ ಜ್ವಾಲೆಗಳ ರೋಹಿತವನ್ನು ಹಿಡಿದರು. ಆ ಗ್ರಹಣದಲ್ಲಿ ಕಂಡ ಹಳದಿ ಗೆರೆಯೇ ಹೀಲಿಯಂ ಎಂಬ ಮೂಲವಸ್ತುವಿನ ಪತ್ತೆಗೆ ದಾರಿ ಮಾಡಿತು.

ಅದೇ ದಿನ ಸಯಾಮಿನಲ್ಲಿ ನಡೆದದ್ದು ಇನ್ನೂ ದೊಡ್ಡ ಕಥೆ. ಅಲ್ಲಿನ ದೊರೆ ಮೊಂಗ್‌ಕುಟ್ ಸ್ವತಃ ಗಣಿತ, ಖಗೋಳ ಬಲ್ಲವರು. ಗ್ರಹಣ ಎಲ್ಲಿ, ಯಾವಾಗ ಎಂದು ತಾವೇ ಲೆಕ್ಕ ಹಾಕಿ, ಕಡಲಂಚಿನ ವಾಕೊ ಎಂಬ ಕಾಡುಹಳ್ಳಿಯನ್ನು ಆರಿಸಿದರು. ಅಲ್ಲಿ ಬಿಡಾರ ಕಟ್ಟಿಸಿ ಫ್ರೆಂಚ್ ವಿಜ್ಞಾನಿಗಳನ್ನೂ ಬ್ರಿಟಿಷ್ ಅಧಿಕಾರಿಗಳನ್ನೂ ಕರೆಸಿಕೊಂಡರು. ಲೆಕ್ಕ ತಪ್ಪಲಿಲ್ಲ. ಆರೂವರೆ ನಿಮಿಷಕ್ಕೂ ಹೆಚ್ಚು ಕಾಲ ಹಗಲು ಕತ್ತಲಾಯಿತು. ಆದರೆ ಆ ಜೌಗು ನೆಲದಲ್ಲಿ ದೊರೆಗೂ ಮಗ ಚುಲಾಲೊಂಗ್‌ಕೋರ್ನ್‌ಗೂ ಮಲೇರಿಯಾ ಹಿಡಿಯಿತು. ಮಗ ಬದುಕಿದರು. ಮೊಂಗ್‌ಕುಟ್ ಅಕ್ಟೋಬರ್ 1ರಂದು ತೀರಿಕೊಂಡರು. ಥಾಯ್ಲೆಂಡ್ ಇಂದಿಗೂ ಆಗಸ್ಟ್ 18ನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುತ್ತದೆ. ಆಕಾಶದ ಲೆಕ್ಕ ಎಷ್ಟೇ ಸರಿಯಿದ್ದರೂ ನೆಲದ ಎಚ್ಚರಿಕೆ ತಪ್ಪಬಾರದೆಂಬ ಪಾಠ ಆ ಪ್ರಯಾಣದಲ್ಲಿದೆ.

ಮೂರನೆಯದು ತೀರ ಇತ್ತೀಚಿನದು. 2009ರಲ್ಲಿ ಪಟ್ನಾದ ಹತ್ತಿರದ ತಾರೇಗ್ನಾ ಎಂಬ ಊರಿಗೆ ಸಾವಿರಾರು ಜನ ಹೋದರು. ಆರ್ಯಭಟ ಅಲ್ಲಿ ನಕ್ಷತ್ರ ನೋಡುತ್ತಿದ್ದನೆಂಬ ಪ್ರತೀತಿ ಇದೆ, ನೆರಳಿನ ನಡುಗೆರೆಗೂ ಊರು ಹತ್ತಿರ. ಮುಖ್ಯಮಂತ್ರಿಯೂ ಬಂದಿದ್ದರು. ಆದರೆ ಜುಲೈ ತಿಂಗಳ ಬೆಳಗಿನ ಮೋಡ ಸರಿಯಲೇ ಇಲ್ಲ. ಕತ್ತಲು ಕವಿಯಿತು, ಕರೋನಾ ಕಾಣಲಿಲ್ಲ. ಅದೇ ಬೆಳಿಗ್ಗೆ ವಾರಾಣಸಿಯ ಗಂಗೆಯ ದಡದಲ್ಲಿದ್ದವರು ಕಣ್ಣಾರೆ ಕಂಡರು. ಊರಿನ ಹೆಸರು, ಕೀರ್ತಿ, ಇತಿಹಾಸಗಳನ್ನು ನೋಡಿ ಸ್ಥಳ ಆರಿಸಿದರೆ ಆಕಾಶ ಅದನ್ನೆಲ್ಲ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಕಾಶ ಮೊದಲು, ನಡುಗೆರೆ ಆಮೇಲೆ

ಯೋಜನೆ ಹಾಕುವವರು ಮೊದಲು ಮಾಡುವ ಕೆಲಸ ನೆರಳಿನ ಪಟ್ಟಿಯ ನಕ್ಷೆ ತೆಗೆದು ನಡುಗೆರೆಯ ಮೇಲೆ ಬೆರಳಿಡುವುದು. ಗೆರೆಯ ಮೇಲೆಯೇ ನಿಲ್ಲಬೇಕೆಂಬ ಹಟ ಬೇಕಿಲ್ಲ. ದುಂಡಗಿನ ರೊಟ್ಟಿಯನ್ನು ಸರಿ ನಡುವೆ ಕತ್ತರಿಸಿದರೆ ಗೆರೆ ಎಷ್ಟು ಉದ್ದವೋ, ನಡುವಿನಿಂದ ಅಂಚಿಗೆ ಅರ್ಧ ದೂರ ಸರಿದು ಕತ್ತರಿಸಿದರೂ ಅದರ ಶೇ 87ರಷ್ಟು ಉದ್ದ ಸಿಗುತ್ತದೆ. ನೆರಳಿನ ಲೆಕ್ಕವೂ ಸುಮಾರಾಗಿ ಹೀಗೆಯೇ. ಅರ್ಧ ದಾರಿ ಸರಿದರೂ ಕಳೆದುಕೊಳ್ಳುವುದು ಕೆಲವು ಸೆಕೆಂಡು ಮಾತ್ರ. ಆ ಸೆಕೆಂಡುಗಳ ಆಸೆಗೆ ಮೋಡದ ಕಣಿವೆಯಲ್ಲಿ ನಿಂತರೆ ಎಲ್ಲವೂ ಹೋಗುತ್ತದೆ. ಪಟ್ಟಿಯ ಅಂಚಿನಿಂದ ಮಾತ್ರ ದೂರವಿರಬೇಕು, ಅಲ್ಲಿ ಅವಧಿ ಸರ್ರನೆ ಇಳಿಯುತ್ತದೆ.

ಮಾರ್ಚ್ ತಿಂಗಳ ಕಾಶ್ಮೀರ–ಲಡಾಖ್ ಆಕಾಶವನ್ನು ನಂಬುವುದು ಕಷ್ಟ. ಚಳಿಗಾಲದಲ್ಲೂ ವಸಂತದ ಆರಂಭದಲ್ಲೂ ಮೆಡಿಟರೇನಿಯನ್ ಕಡೆಯಿಂದ ಬರುವ ಹವೆಯ ಅಲೆಗಳು ಅಲ್ಲಿ ಮೋಡ, ಹಿಮ ತರುತ್ತವೆ. ಹವಾಮಾನ ಇಲಾಖೆ ಇವುಗಳಿಗೆ ‘ವೆಸ್ಟರ್ನ್ ಡಿಸ್ಟರ್ಬನ್ಸ್’ ಎನ್ನುತ್ತದೆ. ಇವುಗಳ ಹೆಚ್ಚಿನ ಹಿಮ ದೊಡ್ಡ ಪರ್ವತಸಾಲಿನ ಪಶ್ಚಿಮಕ್ಕೆ, ಕಾಶ್ಮೀರ ಕಣಿವೆಯ ಕಡೆ ಸುರಿಯುತ್ತದೆ. ಸಾಲು ದಾಟಿ ಪೂರ್ವಕ್ಕೆ ಹೋದಂತೆ ಹವೆ ಒಣಗುತ್ತದೆ. ಆದರೆ ಪೂರ್ವಕ್ಕೆ ಹೋದಷ್ಟೂ ಖಗ್ರಾಸದ ಹೊತ್ತಿಗೆ ಸೂರ್ಯ ದಿಗಂತಕ್ಕೆ ಹತ್ತಿರವಾಗುತ್ತಾನೆ. ಒಣ ಹವೆ ಬೇಕೋ ಎತ್ತರದ ಸೂರ್ಯ ಬೇಕೋ ಎಂಬ ತೂಗಾಟವೇ ಈ ಪ್ರವಾಸದ ಹೃದಯ.

ಇದಕ್ಕೆ ಊಹೆ ಸಾಲದು. ಮುಂದಿನ ಪ್ರತಿ ವರ್ಷವೂ ಮಾರ್ಚ್ 10ರಿಂದ 30ರವರೆಗೆ ಹವಾಮಾನ ಇಲಾಖೆ ಪ್ರಕಟಿಸುವ ಇನ್ಸಾಟ್ ಉಪಗ್ರಹದ ಮೋಡದ ಚಿತ್ರಗಳನ್ನು ಸಂಜೆಯ ಹೊತ್ತಿನಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಯಾವ ಕಣಿವೆ ಎಷ್ಟು ದಿನ ತೆರೆದಿತ್ತು ಎಂಬ ಪುಟ್ಟ ಪಟ್ಟಿ ಸಾಕು. ಶಾಲೆಯ ವಿಜ್ಞಾನ ಸಂಘವೊಂದು ಖರ್ಚಿಲ್ಲದೆ ಮಾಡಬಹುದಾದ ಕೆಲಸವಿದು. ಇನ್ನೊಂದು ಸಂಗತಿ ನೆನಪಿರಲಿ: ಬಿಸಿಲಿಗೆ ನೆಲ ಕಾದು ಹುಟ್ಟಿದ ಗುಪ್ಪೆ ಮೋಡಗಳು ಗ್ರಹಣದಲ್ಲಿ ನೆಲ ತಣಿದಾಗ ಕರಗುವುದುಂಟು. ಎತ್ತರದಲ್ಲಿ ಹರಡಿದ ಪದರ ಮೋಡಗಳು ಕರಗುವುದಿಲ್ಲ.

ಬೆಟ್ಟದ ಮರೆ

ಬಯಲುಸೀಮೆಯವರಿಗೆ ತಟ್ಟನೆ ಹೊಳೆಯದ ತೊಡಕು ಇದು. ಅಂದು ಖಗ್ರಾಸ ಸಂಜೆಯ ಹೊತ್ತು, ಸೂರ್ಯ ಪಶ್ಚಿಮಕ್ಕೆ ವಾಲಿದಾಗ. ಕಾರ್ಗಿಲ್ ಸುತ್ತಲಿನ ಹಳ್ಳಿಗಳಿರುವುದು ನದಿ ಕೊರೆದ ಕಣಿವೆಗಳಲ್ಲಿ. ಎರಡೂ ಬದಿಗೆ ಗೋಡೆಯಂಥ ಬೆಟ್ಟ. ಪಂಚಾಂಗದ ಸೂರ್ಯಾಸ್ತಕ್ಕೆ ಎಷ್ಟೋ ಮೊದಲೇ ಅಲ್ಲಿ ಸೂರ್ಯ ಬೆಟ್ಟದ ಹಿಂದೆ ಸರಿದಿರುತ್ತಾನೆ. ಪಟ್ಟಿಯ ಸರಿ ನಡುವೆಯೇ ಇದ್ದು, ಆಕಾಶವೂ ಶುಭ್ರವಾಗಿದ್ದು, ಬೆಟ್ಟ ಅಡ್ಡ ಬಂದು ಗ್ರಹಣ ತಪ್ಪಿಹೋಗಬಹುದು.

ಇದಕ್ಕೆ ಒಳ್ಳೆಯ ಉಪಾಯವಿದೆ. ಮಾರ್ಚ್ 20 ವಿಷುವದ ದಿನ. ಸೂರ್ಯ ಅಂದು ಆಕಾಶದಲ್ಲಿ ನಡೆಯುವ ಹಾದಿಯೂ ಸೆಪ್ಟೆಂಬರ್ 23ರ ಹಾದಿಯೂ ಒಂದೇ. ಸೆಪ್ಟೆಂಬರಿನಲ್ಲಿ ಲಡಾಖಿನ ದಾರಿಗಳೆಲ್ಲ ತೆರೆದಿರುತ್ತವೆ, ಹವೆಯೂ ಹಿತ. ಒಂದೆರಡು ವರ್ಷ ಮೊದಲು ಸೆಪ್ಟೆಂಬರ್ 23ರ ಆಸುಪಾಸು ಅಲ್ಲಿಗೆ ಹೋಗಿ, ಗ್ರಹಣದ ಗಂಟೆಗೆ ಸೂರ್ಯ ಬೆಟ್ಟದಿಂದ ಎಷ್ಟು ಮೇಲಿದ್ದಾನೆ ಎಂದು ಕಣ್ಣಾರೆ ನೋಡಿ ಸ್ಥಳ ಗುರುತು ಹಾಕಿಕೊಳ್ಳಬಹುದು. ಒಂದೇ ಸೂಕ್ಷ್ಮ: ಗಡಿಯಾರದ ಲೆಕ್ಕದಲ್ಲಿ ಸೂರ್ಯ ಸೆಪ್ಟೆಂಬರಿನಲ್ಲಿ ಮಾರ್ಚಿಗಿಂತ ಸುಮಾರು ಕಾಲು ಗಂಟೆ ಮುಂದಿರುತ್ತಾನೆ. ಗ್ರಹಣದ ಸಮಯಕ್ಕೆ 15 ನಿಮಿಷ ಮೊದಲು ನೋಡಿದರೆ ಮಾರ್ಚ್ 20ರ ಜಾಗವೇ ಸಿಗುತ್ತದೆ.

ಪಶ್ಚಿಮಕ್ಕೆ ತೆರೆದ ದಿನ್ನೆ ಸಿಕ್ಕಿದರೆ ಇನ್ನೊಂದು ಭಾಗ್ಯವೂ ಉಂಟು. ನೆರಳು ಬರುವುದು ಆ ದಿಕ್ಕಿನಿಂದಲೇ. ದೂರದ ಹಿಮಶಿಖರಗಳು ಮೊದಲು ಕಪ್ಪಾಗಿ, ಆ ಕಪ್ಪು ಒಂದೊಂದೇ ಸಾಲು ದಾಟಿ ನಮ್ಮತ್ತ ನುಗ್ಗುವುದನ್ನು ಕಾಣಬಹುದು. ಜವಳಗೇರಾದ ಬಯಲಿನಲ್ಲಿ ಇಂಥ ನೋಟಕ್ಕೆ ಅವಕಾಶವಿರಲಿಲ್ಲ.

ದಾರಿ, ಚಳಿ, ಉಸಿರು

ಶ್ರೀನಗರದಿಂದ ಕಾರ್ಗಿಲ್‌ಗೆ ಹೋಗುವ ಹೆದ್ದಾರಿ ಸುಮಾರು 3,500 ಮೀಟರ್ ಎತ್ತರದ ಜೋಜಿ ಲಾ ಕಣಿವೆದಾರಿಯನ್ನು ದಾಟಬೇಕು. ಚಳಿಗಾಲದ ಹಿಮಕ್ಕೆ ಅದು ಮುಚ್ಚುತ್ತದೆ, ಮಾರ್ಚಿನಲ್ಲಿ ತೆರೆದಿರುತ್ತದೆಂಬ ಭರವಸೆ ಇಲ್ಲ. ಅದರ ಕೆಳಗೆ ಸುರಂಗ ಕೊರೆಯುವ ಕೆಲಸ ನಡೆದಿದೆ. ಅದು ಮುಗಿದು ಸಂಚಾರಕ್ಕೆ ತೆರೆದರೆ ಚಿತ್ರವೇ ಬದಲಾದೀತು. ಅಲ್ಲಿಯವರೆಗೆ ನೆಚ್ಚಬಹುದಾದ ದಾರಿ ವಿಮಾನದಲ್ಲಿ ಲೇಹ್‌ಗೆ ಹೋಗಿ, ಅಲ್ಲಿಂದ ರಸ್ತೆಯಲ್ಲಿ ಪಶ್ಚಿಮಕ್ಕೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ಸಾಗುವುದು. ನಡುವೆ 4,100 ಮೀಟರ್ ಎತ್ತರದ ಫೋಟು ಲಾ ಇದೆ, ಹಿಮ ಬಿದ್ದರೆ ಅಲ್ಲೂ ಒಂದು ದಿನ ನಿಲ್ಲಬೇಕಾದೀತು.

ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಬೆಂಗಳೂರಿನಿಂದ ಅದೇ ದಿನ ಹೋಗಿಳಿದವರ ದೇಹಕ್ಕೆ ತೆಳುಗಾಳಿ ಒಗ್ಗಿರುವುದಿಲ್ಲ. ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ, ನೀರು, ಹಗುರ ಊಟ. ತಲೆನೋವು, ವಾಂತಿ, ನಿದ್ದೆಯಲ್ಲೂ ಉಬ್ಬಸ ಕಂಡರೆ ವೈದ್ಯರನ್ನು ಕಾಣಬೇಕು, ಕೆಳಗಿಳಿಯಲು ಹಿಂಜರಿಯಬಾರದು. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಹೊರಡುವ ಮೊದಲೇ ವೈದ್ಯರ ಮಾತು ಕೇಳಬೇಕು. ಕಾರ್ಗಿಲ್ ಪಟ್ಟಣ ಲೇಹ್‌ಗಿಂತ ತಗ್ಗಿನಲ್ಲಿದ್ದರೂ ಮಾರ್ಚಿನ ರಾತ್ರಿ ಸೊನ್ನೆಗಿಂತ ಕೆಳಗಿನ ಚಳಿ. ಆ ಚಳಿಗೆ ಬ್ಯಾಟರಿಗಳು ಬೇಗ ಬರಿದಾಗುತ್ತವೆ, ಅಂಗಿಯ ಒಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳಬೇಕು.

ಗಡಿಯ ಸಂಗತಿ ಬೇರೆ. ಕಾರ್ಗಿಲ್ ನಿಯಂತ್ರಣ ರೇಖೆಗೆ ಹತ್ತಿರ. ಡ್ರೋನ್, ದೊಡ್ಡ ದೂರದರ್ಶಕ, ರೇಡಿಯೊ ಉಪಕರಣ ಒಯ್ಯುವವರು ಜಿಲ್ಲಾಡಳಿತದ, ಸೇನೆಯ ಅನುಮತಿಯನ್ನು ತಿಂಗಳುಗಳ ಮೊದಲೇ ಕೇಳಬೇಕು. ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಒಯ್ಯುವುದು ದೇಶದಲ್ಲೆಲ್ಲೂ ಅಪರಾಧ. ಈಗಿನ ನಿಯಮದಂತೆ ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು.

ಗ್ರಹಣದ ಹಿಂದಿನ ಸಂಜೆ ಅಂತಿಮ ತೀರ್ಮಾನ ಮಾಡಬೇಕಾಗುತ್ತದೆ. ಅದಕ್ಕೆ ಎರಡು ಬೇರೆ ಕಣಿವೆಗಳಲ್ಲಿ ಎರಡು ಜಾಗ ಗುರುತಾಗಿರಲಿ, ವಾಹನ ಕೈಯಲ್ಲೇ ಇರಲಿ. ದೊಡ್ಡ ಬಸ್ಸಿಗಿಂತ ಚಿಕ್ಕ ಗಾಡಿ, ದೊಡ್ಡ ಗುಂಪಿಗಿಂತ ಹತ್ತು–ಹನ್ನೆರಡು ಜನ ಮೇಲು. ಗ್ರಹಣ ಬಿಟ್ಟ ಮರುಗಳಿಗೆ ಎಲ್ಲರೂ ಒಂದೇ ರಸ್ತೆಗೆ ಇಳಿಯುತ್ತಾರೆ. ಕತ್ತಲಲ್ಲಿ, ಹಿಮದ ರಸ್ತೆಯಲ್ಲಿ ಆ ಸಾಲಿಗೆ ಸೇರುವ ಬದಲು ರಾತ್ರಿ ಊರಲ್ಲೇ ಉಳಿಯುವ ಏರ್ಪಾಡು ಮಾಡಿಕೊಳ್ಳಿ. ಯುಗಾದಿಯ ಬೇವುಬೆಲ್ಲವನ್ನು ಅಲ್ಲಿಯೇ ಹಂಚಿಕೊಂಡರಾಯಿತು.

ಊರಿನ ದಿನಚರಿ

ನಮಗೆ ಅದು ಗ್ರಹಣದ ದಿನ, ಯುಗಾದಿಯ ಹಿಂದಿನ ದಿನ. ಆ ಊರಿನವರಿಗೆ? ಕಾರ್ಗಿಲ್ ಜಿಲ್ಲೆಯಲ್ಲಿ ಶಿಯಾ ಮುಸ್ಲಿಮರೇ ಹೆಚ್ಚು. ಗ್ರಹಣ ಹಿಡಿದಾಗ ಅವರು ನಮಾಜ್-ಎ-ಆಯಾತ್ ಎಂಬ ವಿಶೇಷ ಪ್ರಾರ್ಥನೆ ಸಲ್ಲಿಸುತ್ತಾರೆ. ನಾವು ಬಯಲಲ್ಲಿ ಕನ್ನಡಕ ಹಾಕಿ ನಿಂತಿರುವ ಹೊತ್ತಿಗೆ ಊರಿನ ಹಿರಿಯರು ಪ್ರಾರ್ಥನೆಯಲ್ಲಿ ಇರಬಹುದು. ಅದೇ ವಾರ ಮೊಹರಂ ತಿಂಗಳೂ ಶುರುವಾಗುತ್ತದೆ. ಹೊಸ ವರ್ಷದ ನವ್ರೋಜ್ ಸಂಭ್ರಮವೂ ಅಲ್ಲಿ ಮಾರ್ಚ್ 21ರ ಸುತ್ತಮುತ್ತಲೇ. 2034ರಲ್ಲಿ ಆ ಸಂಭ್ರಮಕ್ಕೂ ಮೊಹರಂನ ಶೋಕಕ್ಕೂ ಒಂದೇ ವಾರ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂಗೆ ಜಾತಿಮತ ನೋಡದೆ ಹೋಗಿ ಬಂದವರಿಗೆ ಆ ತಿಂಗಳು ಅಪರಿಚಿತವಲ್ಲ. ಆದರೆ ಕಾರ್ಗಿಲ್‌ನಲ್ಲಿ ಅದು ಕರ್ಬಲಾದ ಹುತಾತ್ಮರಿಗಾಗಿ ಅಳುವ ಕಾಲ. ಹಾಡು, ಧ್ವನಿವರ್ಧಕ, ಕುಣಿತಗಳ ‘ಗ್ರಹಣ ಉತ್ಸವ’ ಅಲ್ಲಿಗೆ ಒಪ್ಪುವುದಿಲ್ಲ.

ಹಾಗಾಗಿ ಸೆಪ್ಟೆಂಬರಿನ ಮೊದಲ ಭೇಟಿಯಲ್ಲೇ ಊರಿನ ಹಿರಿಯರನ್ನು, ಶಾಲೆಯ ಮೇಷ್ಟರನ್ನು ಕಂಡು ಮಾತಾಡಿ. ಯಾವ ಜಾಗ ಮಸೀದಿಗೆ ಸೇರಿದ್ದು, ಯಾವುದು ಬಿತ್ತನೆಯ ಹೊಲ, ಎಲ್ಲಿ ನಿಂತರೆ ಅವರಿಗೆ ತೊಂದರೆಯಿಲ್ಲ ಎಂದು ಅವರಿಂದಲೇ ಕೇಳಿ. ಮನೆಗಳಲ್ಲೇ ಉಳಿದು, ಊಟ, ಗಾಡಿ, ದಾರಿತೋರುವಿಕೆಗೆ ಅಲ್ಲಿನವರಿಗೇ ಹಣ ಸೇರುವಂತೆ ನೋಡಿಕೊಳ್ಳಿ. ನೀರು ಹೆಪ್ಪುಗಟ್ಟುವ ಕಾಲದಲ್ಲಿ ಪುಟ್ಟ ಊರಿನ ಶೌಚಾಲಯ, ಸೌದೆ, ಕುಡಿಯುವ ನೀರಿನ ಮೇಲೆ ನೂರು ಜನರ ಭಾರ ಬಿದ್ದರೆ ಅದನ್ನು ಹೊರುವವರು ಊರಿನ ಹೆಂಗಸರು. ನೀವು ತಂದ ಕಸ ನಿಮ್ಮ ಗಾಡಿಯಲ್ಲೇ ಮರಳಲಿ.

ಗ್ರಹಣದ ಕನ್ನಡಕಗಳನ್ನು ನಿಮ್ಮ ಗುಂಪಿಗೆ ಎಷ್ಟು ಬೇಕೋ ಅದರ ಹತ್ತು ಪಟ್ಟು ಒಯ್ಯಿರಿ, ಶಾಲೆಯ ಎಲ್ಲ ಮಕ್ಕಳಿಗೂ ಸಿಗಲಿ. ನಮ್ಮ ನಾಡೂ ಭಯದಿಂದ ಪೂರ್ತಿ ಹೊರಬಂದಿಲ್ಲ. 2019ರ ಡಿಸೆಂಬರ್ 26ರ ಗ್ರಹಣದಂದು ಕಲಬುರಗಿ ಜಿಲ್ಲೆಯಲ್ಲಿ ಅಂಗವಿಕಲ ಮಕ್ಕಳನ್ನು ಗುಣವಾದೀತೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತ ಸುದ್ದಿ ಬಂತು. ಆದ್ದರಿಂದ ಇನ್ನೊಂದು ಊರಿಗೆ ತಿಳಿವಳಿಕೆ ಹೇಳುವ ಗತ್ತಿನಿಂದ ಹೋಗುವ ಹಕ್ಕು ನಮಗಿಲ್ಲ. ಜೊತೆಗೆ ನಿಂತು ನೋಡುವವರಾಗಿ ಹೋಗೋಣ.

ಕಣ್ಣು, ಮತ್ತು ಆ ಕೆಲವು ನಿಮಿಷ

ಖಂಡಗ್ರಾಸದ ಉದ್ದಕ್ಕೂ ಐಎಸ್ಒ 12312-2 ಗುರುತಿನ ಕನ್ನಡಕ ಅಥವಾ 14ನೇ ನಂಬರಿನ ವೆಲ್ಡಿಂಗ್ ಗಾಜು ಬೇಕೇ ಬೇಕು. ಎಕ್ಸ್-ರೇ ಫಿಲ್ಮು, ಮಸಿ ಹಿಡಿಸಿದ ಗಾಜು, ತಂಪು ಕನ್ನಡಕ ಯಾವುದೂ ಆಗದು. ಸಗಣಿ ನೀರಿನ ಪ್ರತಿಬಿಂಬವೂ ನೆಚ್ಚುವಂಥದ್ದಲ್ಲ. ಅಕ್ಷಿಪಟಲ ಸುಡುವಾಗ ನೋವೇ ಗೊತ್ತಾಗುವುದಿಲ್ಲ, ಹಾನಿ ಗೊತ್ತಾಗುವುದು ಆಮೇಲೆ. ದೂರದರ್ಶಕ, ಬೈನಾಕ್ಯುಲರ್‌ಗಳಿಗೆ ಫಿಲ್ಟರು ಮುಂದಿನ ತುದಿಗೆ ಇರಬೇಕು, ಕಣ್ಣಿಡುವ ತುದಿಗಲ್ಲ. ಕನ್ನಡಕ ಇಲ್ಲದವರು ಜರಡಿಯ ತೂತುಗಳಿಂದ ನೆಲಕ್ಕೆ ಬಿದ್ದ ಬೆಳಕು ನೋಡಲಿ, ಪ್ರತಿ ಚುಕ್ಕೆಯೂ ಪುಟ್ಟ ಕುಡುಗೋಲು ಸೂರ್ಯನಾಗಿರುತ್ತದೆ.

ಕೊನೆಯ ಬೆಳಕು ಚಂದ್ರನ ಅಂಚಿನ ಕಣಿವೆಗಳ ನಡುವೆ ಮಣಿಗಳಂತೆ ಮಿನುಗಿ, ಒಂದೇ ಮಣಿ ಉಳಿದು ವಜ್ರದುಂಗುರವಾಗಿ, ಅದೂ ಆರಿದ ಮೇಲೆ ಮಾತ್ರ ಕನ್ನಡಕ ತೆಗೆಯಬೇಕು. ಈ ಗ್ರಹಣದ ಗರಿಷ್ಠ ಅವಧಿ 4 ನಿಮಿಷ 9 ಸೆಕೆಂಡು, ಅದು ಆಫ್ರಿಕಾದಲ್ಲಿ. ಪಟ್ಟಿಯ ಕೊನೆಗೆ ಹತ್ತಿರವಿರುವ ನಮ್ಮ ಭಾಗದಲ್ಲಿ ಅದಕ್ಕಿಂತ ಕಡಿಮೆ. ಮೊದಲ ಬಾರಿ ನೋಡುವವರು ಕ್ಯಾಮೆರಾ ಮುಟ್ಟದಿರುವುದೇ ಒಳ್ಳೆಯದು. ಮೊದಲು ಕರೋನಾ, ಆಮೇಲೆ ಅಂಚಿನ ಗುಲಾಬಿ ಜ್ವಾಲೆಗಳು, ಆಮೇಲೆ ಗ್ರಹಗಳು, ಕೊನೆಗೆ ಸುತ್ತಲಿನ ದಿಗಂತ ಮತ್ತು ಜೊತೆಗಿದ್ದವರ ಮುಖ ಎಂದು ಕ್ರಮವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿರಿ. ಎರಡನೇ ವಜ್ರದುಂಗುರ ಹೊಳೆದೊಡನೆ ಕನ್ನಡಕ ಮತ್ತೆ ಕಣ್ಣಿಗೆ ಬರಲಿ.

ಕಾಯಲಾರದವರಿಗೆ

2034ರವರೆಗೆ ಕಾಯುವುದು ಕಷ್ಟ ಎನ್ನುವವರಿಗೆ 2027ರ ಆಗಸ್ಟ್ 2ರ ಖಗ್ರಾಸವಿದೆ. ತಾರೇಗ್ನಾದಲ್ಲಿ ಮೋಡದ ಪಾಲಾದ 2009ರ ಗ್ರಹಣವೇ ಒಂದು ಸಾರೋಸ್ ಕಳೆದು ಪಶ್ಚಿಮಕ್ಕೆ ಮರಳುವುದು ಅದು. ಸ್ಪೇನಿನ ದಕ್ಷಿಣ ತುದಿಯಿಂದ ಉತ್ತರ ಆಫ್ರಿಕಾ, ಈಜಿಪ್ಟ್, ಸೌದಿ ಅರೇಬಿಯಾ, ಯೆಮೆನ್ ದಾಟಿ ಹೋಗುತ್ತದೆ. ನೈಲ್ ದಂಡೆಯ ಲಕ್ಸರ್ ಸುತ್ತಮುತ್ತ ಆರು ನಿಮಿಷಕ್ಕೂ ಮೀರಿದ ಕತ್ತಲು, ಆಗಸ್ಟಿನಲ್ಲಿ ಮೋಡವೇ ಅಪರೂಪವಾದ ಆಕಾಶ. ಅಲ್ಲಿ ಅಂಜಿಕೆ ನಲವತ್ತು ಡಿಗ್ರಿ ಮೀರುವ ಬಿಸಿಲಿನದು ಮಾತ್ರ. ಜಿದ್ದಾ, ಮಕ್ಕಾ ಎರಡೂ ನೆರಳಿನ ಪಟ್ಟಿಯೊಳಗಿವೆ. ಆ ಊರುಗಳಲ್ಲಿ ದುಡಿಯುತ್ತಿರುವ ಕರಾವಳಿಯ ನಮ್ಮವರು ಎಲ್ಲಿಗೂ ಹೋಗಬೇಕಿಲ್ಲ, ಕೆಲಸದಿಂದ ಅರ್ಧ ಗಂಟೆ ಬಿಡುವು ಕೇಳಿಕೊಂಡು, ಒಳ್ಳೆಯ ಕನ್ನಡಕ ಹಿಡಿದು ಹೊರಗೆ ನಿಂತರೆ ಸಾಕು.

ದೇಶದ ನೆಲದಲ್ಲೇ ನೋಡಬೇಕೆಂಬ ಆಸೆಯುಳ್ಳವರಿಗೆ ಮಾತ್ರ ಕಾರ್ಗಿಲ್ ದಾರಿಯೇ ದಾರಿ. ಮೋಡ ಬಂದು ಎಲ್ಲವೂ ತಪ್ಪುವ ಸಾಧ್ಯತೆ ನಿಜಕ್ಕೂ ಇದೆ. ಅದನ್ನು ಒಪ್ಪಿಕೊಂಡೇ ಹೊರಡಬೇಕು. ನಿಮ್ಮ ಊರಿನ ಶಾಲೆ, ವಿಜ್ಞಾನ ಸಂಘ, ಸ್ನೇಹಿತರ ಬಳಗ ಈ ವರ್ಷದಿಂದಲೇ ಮಾರ್ಚಿನ ಮೋಡದ ಪಟ್ಟಿ ಬರೆಯಲು ಶುರುಮಾಡಲಿ. 2032 ಅಥವಾ 2033ರ ಸೆಪ್ಟೆಂಬರಿನಲ್ಲಿ ನಾಲ್ಕು ಜನ ಹೋಗಿ ಜಾಗವನ್ನೂ ಜನರನ್ನೂ ಕಂಡು ಬರಲಿ. ಆಮೇಲೆ 2034ರ ಅಮಾವಾಸ್ಯೆಗೆ ಮಕ್ಕಳನ್ನು ಕರೆದುಕೊಂಡು ಹೊರಡಿ. 1980ರಲ್ಲಿ ನಮ್ಮವರು ಬಾಗಿಲು ಹಾಕಿಕೊಂಡು ಒಳಗೆ ಕೂತರು. ಈ ಸಲ ಯಾರೂ ಒಳಗೆ ಉಳಿಯಬಾರದು, ನಮ್ಮ ಮಕ್ಕಳೂ ಅಲ್ಲ, ನಮಗೆ ಜಾಗ ಕೊಡುವ ಊರಿನ ಮಕ್ಕಳೂ ಅಲ್ಲ.